ಮೂರು ಕರಿ ಬೂಟು, ಒಂದು ಕೆಂಪು

ಹೆಣ ಮೊದಲು ಕಂಡದ್ದು ಆಡು ಕಾಯುವ ರಾಮಪ್ಪನಿಗೆ. ಅವನಿಗಿಂತ ಮೊದಲು ಅವನ ಆಡಿಗೆ.

ಶಿರಹಟ್ಟಿಯ ಹೊಸ ಬಡಾವಣೆ ದಾಟಿದರೆ ಒಂದು ಹಳೆಯ ಗರಸಿನ ತೆಗ್ಗು. ರಸ್ತೆಗೆ ಕೆಂಪು ಗರಸು ಮಣ್ಣು ಬೇಕೆಂದು ಅಗೆದರು, ರಸ್ತೆ ಮುಗಿಯಿತು, ತೆಗ್ಗು ಉಳಿಯಿತು. ಸುತ್ತ ಜಾಲಿ ಕಂಟಿ. ಏಪ್ರಿಲ್ ತಿಂಗಳ ಮಧ್ಯಾಹ್ನ. ಆಡು ಅಂಚಿನಲ್ಲಿ ನಿಂತು ಕೆಳಗೆ ನೋಡಿ ಒದರುತ್ತಿತ್ತು. ಎಷ್ಟು ಗದರಿಸಿದರೂ ಕದಲಲಿಲ್ಲ. ರಾಮಪ್ಪ ಬಗ್ಗಿ ನೋಡಿದ. ಆಮೇಲೆ ಆಡುಗಳನ್ನು ಅಲ್ಲೇ ಬಿಟ್ಟು ಊರ ಕಡೆ ಓಡಿದ.

ಪಿಎಸ್‌ಐ ಶೈಲಾ ತೆಗ್ಗಿಗೆ ಇಳಿಯುವಷ್ಟರಲ್ಲಿ ಅಂಚಿನಲ್ಲಿ ಜನ ಸೇರಿದ್ದರು. ಅರವತ್ತು ದಾಟಿದ ಹೆಂಗಸು. ಕಾಲಿಗೆ ನಡೆದಾಡುವ ಬೂಟು. ಕೊರಳಲ್ಲಿ ಬಂಗಾರದ ಸರ ಹಾಗೇ ಇತ್ತು. ಬಲಗೈ ಮುಷ್ಟಿ ಬಿಗಿಯಾಗಿತ್ತು.

“ಸಿಸ್ಟರ್ ಅದಾರ್ರಿ ಮೇಡಂ,” ಎಂದ ಹೆಡ್ ಕಾನ್‌ಸ್ಟೆಬಲ್ ಮುತ್ತಣ್ಣ. ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದಿದ್ದ. “ಸಿದ್ದಲಿಂಗವ್ವ ಸಿಸ್ಟರ್. ದವಾಖಾನ್ಯಾಗ ನರ್ಸ್ ಇದ್ರು. ನಮ್ಮ ಇಬ್ಬರೂ ಹುಡುಗೂರು ಇವರ ಕೈಯಾಗ ಹುಟ್ಯಾವು.”

“ಮನ್ಯಾಗ ಯಾರದಾರ?”

“ಯಾರೂ ಇಲ್ರಿ. ಒಂದು ನಾಯಿ ಐತಿ. ನಾಯಿಗೆ ಬೂಟು ಹಾಕಿ ತಿರಗಸತಾರಲ್ರಿ, ಅವರ ಇವರು.”

ಅಂಚಿನಲ್ಲಿ ಯಾರೋ ಕಿಸಕ್ಕೆಂದರು. ಶೈಲಾ ತಲೆಯೆತ್ತಿ ನೋಡಿದಳು. ನಗು ನಿಂತಿತು.

ಮುಷ್ಟಿ ಬಿಡಿಸಿದಾಗ ಒಳಗಿನಿಂದ ಒಂದು ನೀಲಿ ಪಟ್ಟಿಯ ತುಂಡು ಬಂತು. ಗೇಣುದ್ದ. ಆಟೋದ ಸೀಟಿಗೆ ಬಿಗಿಯುತ್ತಾರಲ್ಲ, ಅಂಥ ಗಟ್ಟಿ ಪಟ್ಟಿ. ಒಂದು ತುದಿಯಲ್ಲಿ ಹೊಲಿಗೆ ಕಿತ್ತಿತ್ತು.

ಹೆಣ ನೋಡಲು ಬಂದ ಡಾಕ್ಟರು ಮೆಲ್ಲಗೆ ಹೇಳಿದರು. “ಬಿದ್ದ ಕೂಡ್ಲೇ ಹೋಗಿಲ್ರಿ. ಸೊಂಟ ಮುರದೈತಿ. ಬಿಸಲಾಗ ಭಾಳ ಹೊತ್ತು ಜೀವ ಹಿಡಕೊಂಡಿರಬೇಕು. ಯಾರರ ಜಲ್ದಿ ನೋಡಿದ್ದರ ಉಳೀತಿದ್ರು.”

ಶೈಲಾ ಸುತ್ತ ನೋಡಿದಳು. ನಾಲ್ಕೂ ಕಡೆ ಕೆಂಪು ಗೋಡೆ, ಮೇಲೆ ಆಕಾಶ. ಕೂಗಿದರೆ ಯಾರಿಗೆ ಕೇಳಬೇಕು? ಸಾಯುವುದಕ್ಕೆ ಇದಕ್ಕಿಂತ ಒಂಟಿ ಜಾಗ ಈ ತಾಲೂಕಿನಲ್ಲಿ ಇರಲಿಕ್ಕಿಲ್ಲ ಎನಿಸಿತು.

*

ಸಿಸ್ಟರ್ ಮನೆ ಬಡಾವಣೆಯ ಕೊನೆಯ ಸಾಲಿನಲ್ಲಿತ್ತು. ಚಿಲಕ ಹಾಕಿತ್ತು, ಬೀಗ ಇರಲಿಲ್ಲ. ಬೆಳಗಿನ ತಿರುಗಾಟಕ್ಕೆ ಹೋಗುವಾಗ ಬರೀ ಚಿಲಕ ಹಾಕುತ್ತಿದ್ದಳು, ಓಣಿಗೆಲ್ಲ ಗೊತ್ತು. ಒಳಗಿನಿಂದ ನಾಯಿ ಬೊಗಳುತ್ತಿತ್ತು.

ಹೊಸ್ತಿಲ ಹೊರಗೆ, ಮೆಟ್ಟಿಲ ಮೇಲೆ, ನಾಲ್ಕು ಪುಟ್ಟ ಬೂಟುಗಳು. ಮೂರು ಕರಿ, ಒಂದು ಕೆಂಪು. ರೆಕ್ಸಿನ್‌ನಲ್ಲಿ ಹೊಲಿದವು. ಒಂದರ ಪಕ್ಕ ಒಂದು, ನೆಂಟರು ಬಿಟ್ಟ ಚಪ್ಪಲಿಯ ಹಾಗೆ ಒಪ್ಪವಾಗಿ ಕುಳಿತಿದ್ದವು.

“ಮನಷ್ಯಾರಿಗೆ ಮೆಟ್ಟಾಕ ಚಪ್ಪಲಿಲ್ಲ,” ಎಂದ ಮುತ್ತಣ್ಣ. ಹೇಳಿದ ಮೇಲೆ ನಾಚಿಕೊಂಡ.

ಶೈಲಾ ಬಾಗಿಲು ತೆರೆದಳು. ಕಂದು ಬಣ್ಣದ ಊರ ನಾಯಿ, ಮೂತಿಯ ಕೂದಲು ಬೆಳ್ಳಗಾಗಿದೆ. ಬಂದವರನ್ನು ಮೂಸಿ, ಅವರ ಹಿಂದೆ ಯಾರಾದರೂ ಇದ್ದಾರೇನೋ ಎಂದು ನೋಡಿ, ಒಳಗೆ ಹೋಗಿ ಮಲಗಿತು. ಮುತ್ತಣ್ಣ ಅದರ ಕಾಲು ನೋಡಲು ಕೈ ಚಾಚಿದ. ಗುರ್ ಎಂದಿತು. ಕೈ ಹಿಂದಕ್ಕೆ ಬಂತು.

ಸಿಸ್ಟರ್ ಮೊಬೈಲು ಚಾರ್ಜಿಗೆ ಹಾಕಿದಲ್ಲೇ ಇತ್ತು. ಎತ್ತದ ಕರೆಗಳೆಲ್ಲ ಒಬ್ಬನವೇ. ಇನಾಯತ, ಬೆಟಗೇರಿ. ಅಡುಗೆಮನೆಯ ನಡುವೆ ಹಿತ್ತಾಳೆಯ ಗಂಗಾಳದಲ್ಲಿ ನಾಯಿಗೆಂದು ನೀರು. ಗಂಗಾಳ ಒಳ್ಳೆ ಬೆಳಗಿದ್ದು, ಊಟಕ್ಕೆ ಇಡುವಂಥದು. ಒಂಟಿ ಜೀವಕ್ಕೆ ನಾಯಿಯೇ ಊಟದ ಜೊತೆಗಾರ, ಇದರಲ್ಲೇನು ಎಂದುಕೊಂಡಳು ಶೈಲಾ. ತನ್ನ ಮನೆಯಲ್ಲಿರುವುದೂ ಒಂದೇ ತಾಟು ಎಂಬುದು ನೆನಪಾಯಿತು.

ಎದುರು ಮನೆಯ ದೇವೇಂದ್ರಪ್ಪ ಗೇಟಿನ ಆಚೆಯೇ ನಿಂತಿದ್ದರು. ನಿವೃತ್ತ ಡ್ರಾಯಿಂಗ್ ಮಾಸ್ತರು. ಹೆಂಡತಿ ತೀರಿಹೋಗಿ ಬಹಳ ವರ್ಷವಾಗಿತ್ತು. ಕಣ್ಣು ಕೆಂಪಾಗಿದ್ದವು.

“ದಿನಾ ಮುಂಜಾನೆ ಕೂಡೇ ತಿರಗಾಡತಿದ್ವಿರಿ. ಸಿಸ್ಟರ್, ನಾನು, ಶಾಣ್ಯಾ,” ಎಂದರು. ಶಾಣ್ಯಾ ನಾಯಿಯ ಹೆಸರು. “ಇವತ್ತ ನನ್ನ ಮೊಣಕಾಲು ಹಿಡಕೊಂಡಿತ್ತು, ಹೋಗಲಿಲ್ಲ. ಆ ಬೆಟಗೇರಿ ಸೀಟ್ ಹೊಲಿಯಾಂವನ್ನ ಭೆಟ್ಟಿ ಆಗೋದೈತಿ ಅಂತ ನಾಯಿ ಮನ್ಯಾಗ ಬಿಟ್ಟು ಒಬ್ಬರ ಹೋದರು.”

“ಒಳಗ ಬರ್ರಿ ಮಾಸ್ತರ. ಏನರ ಕಳುವಾಗೇತೇನು ನೋಡ್ರಿ.”

ಅವರು ಹಿಂದೆ ಸರಿದರು. “ನನಗ ಹೆಂಗ ಗೊತ್ತಾಗಬೇಕ್ರಿ? ನಾ ಒಂದ ದಿನಾನೂ ಆಕಿ ಹೊಸ್ತಿಲಾ ದಾಟಿದಾಂವ ಅಲ್ಲ. ಗೇಟಿನ ತನಕ ಬರೋದು, ಹೊಳ್ಳಿ ಹೋಗೋದು. ಮಂದಿ ನಾಲಿಗಿ ನಿಮಗ ಗೊತ್ತಲ್ಲ.”

ಗೊತ್ತಿತ್ತು. ಶೈಲಾ ಈ ಊರಿಗೆ ಬಂದು ವರ್ಷವಾಗುತ್ತ ಬಂದಿತ್ತು. ಎಲ್ಲರೂ ನಮಸ್ಕಾರ ಮಾಡುತ್ತಿದ್ದರು, ಯಾರೂ ಮಾತಾಡುತ್ತಿರಲಿಲ್ಲ. ರೊಟ್ಟಿ ಕೊಡುವ ಕಳಕವ್ವ ಕೂಡ ಹೊಸ್ತಿಲ ಹೊರಗೆ ನಿಂತೇ ಕೊಟ್ಟು ಹೋಗುತ್ತಿದ್ದಳು. ಒಂಟಿ ಹೆಣ್ಣಿನ ಮನೆಗೆ ಬಾಗಿಲು ಇದ್ದರೂ ಗೋಡೆಯ ಲೆಕ್ಕವೇ.

*

ಇನಾಯತನನ್ನು ಬೆಟಗೇರಿಯ ಅಂಗಡಿಯಿಂದಲೇ ಜೀಪಿನಲ್ಲಿ ತಂದರು. ಆಟೋ ಸೀಟು, ಬೈಕ್ ಸೀಟು ಹೊಲಿಯುವವನು. ಅಂಗಡಿಯಲ್ಲಿ ಅದೇ ನೀಲಿ ಪಟ್ಟಿಯ ಸುರುಳಿ ಸಿಕ್ಕಿತು. ಬೆಳಿಗ್ಗೆ ಶಿರಹಟ್ಟಿಗೆ ಬಂದದ್ದನ್ನು ಅವನೇ ಒಪ್ಪಿಕೊಂಡ. ಬಸ್‌ಸ್ಟ್ಯಾಂಡಿನ ಚಹಾದವನು, ಅವನನ್ನು ಕಂಡೆ, ನಡುವೆ ಸ್ವಲ್ಪ ಹೊತ್ತು ಕಾಣಲಿಲ್ಲ ಎಂದ.

“ಇನ್ನೇನ ಬೇಕ್ರಿ ಮೇಡಂ?” ಎಂದ ಮುತ್ತಣ್ಣ. “ಪಟ್ಟಿ ಐತಿ, ಫೋನ್ ಐತಿ, ಮಾಸ್ತರ ಮಾತೈತಿ. ನಾಳೆ ಕೋರ್ಟಿಗೆ ಹಾಜರ್ ಮಾಡಿಬಿಡೂಣು.”

ಠಾಣೆಯ ಹೊರಗೆ ಬೇವಿನ ಮರದ ಕೆಳಗೆ ಇನಾಯತನ ಹೆಂಡತಿ ಫಕೀರಬಿ ಊಟದ ಡಬ್ಬಿ ಹಿಡಿದು ಕೂತಿದ್ದಳು. ಅಳುತ್ತಿರಲಿಲ್ಲ. ಡಬ್ಬಿಯ ಮುಚ್ಚಳ ಒತ್ತಿ ಹಿಡಿದಿದ್ದಳು. ನಾಳೆ ಕೋರ್ಟಿಗೆ ಹೋದರೆ ಗಂಡ ಜೈಲಿಗೆ. ಆಮೇಲೆ ಬಿಡುಗಡೆಯಾದರೂ ಕೊಲೆಗಾರ ಎಂಬ ಹೆಸರು ಬಿಡುಗಡೆಯಾಗುವುದಿಲ್ಲ. ಶೈಲಾಳ ಕೈಯಲ್ಲಿ ಒಂದು ಬೆಳಗಿನಷ್ಟು ಹೊತ್ತಿತ್ತು.

ಇನಾಯತನ ಚೀಲದಿಂದ ಒಂದು ಅಂಗಿ ಬಂತು. ಬೆಟಗೇರಿ ಸೀರೆಯ ಹತ್ತಿ ಬಟ್ಟೆ, ಹಸಿರು, ಕೆಂಪು ಅಂಚು. ನಾಲ್ಕು ಕಾಲಿಗೆ ನಾಲ್ಕು ಕಿಂಡಿ.

“ಏನಿದು?”

“ಶಾಣ್ಯಾನ ಬ್ಯಾಸಗಿ ಅಂಗೀರಿ. ನೀರಾಗ ಅದ್ದಿ, ಹಿಂಡಿ ಹಾಕಿದರ ತಂಪು. ಮುದುಕ ನಾಯಿ, ಬಿಸಲು ತಡಿಯಂಗಿಲ್ಲ ಅಂತ ಸಿಸ್ಟರ್ ಹೊಲಸಿದ್ರು. ತಿರಗಾಟ ಮುಗಿಸಿ ಬಸ್‌ಸ್ಟ್ಯಾಂಡಿಗೆ ಬರತೀನಿ ಅಂದಿದ್ರು. ಬರಲಿಲ್ಲ. ಫೋನ್ ಎತ್ತಲಿಲ್ಲ. ಮೂತ್ರಕ್ಕ ಹೋಗಿ ಬಂದು ಮತ್ತ ಕಾದೆ, ಹೊಳ್ಳಿ ಹ್ವಾದೆ.”

“ಮನಿಗೆ ಯಾಕ ಹೋಗಲಿಲ್ಲ?”

“ಬರತೀನಿ ಅಂದವರು ಬಂದ ಬರತಾರಂತ ಕುಂತೆರಿ.” ಅವನು ಅಂಗಿಯ ಮಡಿಕೆ ಸರಿಮಾಡಿದ. “ಹೋಗಬೇಕಿತ್ತು.”

“ಈ ಪಟ್ಟಿ ನಿಂದ ಅಲ್ಲ?”

ಅವನು ತುಂಡನ್ನು ತಿರುವಿ ನೋಡಿದ. “ನಂದ್ರಿ. ನಾಯಿ ಹಿಡಿಯೋ ಪಟ್ಟಿ ಇದು. ನಾನ ಹೊಲದ ಕೊಟ್ಟಿದ್ದೆ. ಇದು ಅದರ ಹಿಡಿಕಿ.”

ಶೈಲಾ ಕುರ್ಚಿ ಮುಂದಕ್ಕೆ ಎಳೆದುಕೊಂಡಳು. ನಾಯಿ ಮನೆಯಲ್ಲಿ. ಪಟ್ಟಿಯ ಹಿಡಿಕೆ ತೆಗ್ಗಿನಲ್ಲಿ. ಉಳಿದ ಪಟ್ಟಿ ಎಲ್ಲಿ? ಮನೆಯಲ್ಲಂತೂ ಕಂಡಿರಲಿಲ್ಲ.

“ಬೂಟೂ ನೀನ ಹೊಲದದ್ದೇನು?”

“ಹೌದ್ರಿ. ಡಾಂಬರಿನ್ಯಾಗ ಒಮ್ಮೆ ಅದರ ಅಂಗಾಲು ಸುಟ್ಟಿತ್ತು. ಗರಸು, ನೆಗ್ಗಿನ ಮುಳ್ಳು ಬ್ಯಾರೆ. ಮೊದಲು ನಾಲ್ಕೂ ಕರಿ ಇದ್ದವು. ಹೊರಗ ಬಿಟ್ಟಾಗ ಬೀದಿ ನಾಯಿ ಒಂದು ಹೊತಗೊಂಡು ಹೋತು. ಕರಿ ರೆಕ್ಸಿನ್ ತೀರಿತ್ತು, ಕೆಂಪು ಹೊಲದೆ. ಅವತ್ತಿನಿಂದ ಸಿಸ್ಟರ್ ಬೂಟು ಹೊರಗ ಬಿಡಂಗಿಲ್ಲ. ದಿನಾ ತೊಳದು, ಬಾಗಲ ಹಿಂದ ಮೊಳಿಗೆ ತೂಗು ಹಾಕತಾರ. ಮೊಳಿ ನಾನ ಹೊಡದ ಕೊಟ್ಟೀನಿ.”

ಶೈಲಾ ಎದ್ದು ನಿಂತಳು. ಆ ನಾಲ್ಕು ಬೂಟು ಹೊಸ್ತಿಲ ಹೊರಗೆ ಒಪ್ಪವಾಗಿ ಕುಳಿತದ್ದು ಕಣ್ಣ ಮುಂದೆ ಬಂತು.

“ಮುತ್ತಣ್ಣಾ, ಆ ಡಬ್ಬಿ ಒಳಗ ತರಸು. ಮೊದಲು ಇಂವಾ ಊಟ ಮಾಡಲಿ.”

*

ಮರುದಿನ ಬೆಳಿಗ್ಗೆ ಅವಳು ಮತ್ತೆ ಸಿಸ್ಟರ್ ಮನೆಗೆ ಹೋದಳು. ಬಾಗಿಲ ಹಿಂದೆ ಮೊಳೆ ಇತ್ತು, ಖಾಲಿ. ಅದರ ಕೆಳಗೆ ಒಂದು ಮಣೆ, ಕಾಲು ಒರೆಸುವ ಹಳೆಯ ಟವೆಲು. ಸಿಸ್ಟರ್ ಅಲ್ಲೇ ಕೂತು ಬೂಟು ಬಿಚ್ಚುತ್ತಿದ್ದಳು.

ಬೂಟು ತಿರುವಿ ನೋಡಿದಳು. ತಳದಲ್ಲಿ ಕೆಂಪು ಗರಸು. ಒಂದರಲ್ಲಿ ನೆಗ್ಗಿನ ಮುಳ್ಳು ಇನ್ನೂ ಚುಚ್ಚಿಕೊಂಡಿತ್ತು. ದಿನಾ ತೊಳೆಯುವ ಬೂಟಿನಲ್ಲಿ ಮಣ್ಣಿದ್ದರೆ ಅದು ಅಂದಿನದೇ. ಬಡಾವಣೆಯ ಮಣ್ಣು ಕಪ್ಪು. ನಾಯಿ ಮನೆಯಲ್ಲಿರಲಿಲ್ಲ, ತೆಗ್ಗಿಗೆ ಹೋಗಿತ್ತು. ಯಾರೋ ಅದನ್ನು ತಿರುಗಿ ಕರೆತಂದಿದ್ದರು.

ಬಚ್ಚಲ ಮೂಲೆಯಲ್ಲಿ, ಬಕೆಟ್ಟಿನ ಮರೆಗೆ, ಒಂದು ಹಸಿರು ಬೋಗುಣಿ. ನಾಯಿಯ ಹಲ್ಲಿನ ಗುರುತುಗಳಿದ್ದವು. ಒಣಗಿತ್ತು. ಕರೆತಂದವರು ನಾಯಿಗೆ ನೀರಿಡಲು ಬೋಗುಣಿ ಹುಡುಕಿದ್ದಾರೆ, ಸಿಕ್ಕಿಲ್ಲ, ಕೈಗೆ ಸಿಕ್ಕ ಗಂಗಾಳ ಇಟ್ಟಿದ್ದಾರೆ.

“ಮಾಸ್ತರನ್ನ ಕರಿ,” ಎಂದಳು.

ದೇವೇಂದ್ರಪ್ಪ ಗೇಟಿನಲ್ಲಿ ಅನುಮಾನಿಸಿದರು. ಪೊಲೀಸರು ಕರೆದ ಮೇಲೆ ಬಂದರು. ಚಪ್ಪಲಿ ಮೆಟ್ಟಿಲ ಮೇಲೆ ಬಿಟ್ಟು, ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡು ಒಳಬಂದರು. ಶಾಣ್ಯಾ ಎದ್ದು ಹೋಗಿ ಅವರ ಕಾಲಿಗೆ ಒರಗಿತು.

“ಮಾಸ್ತರ, ಇದನ್ನ ದವಾಖಾನಿಗೆ ತೋರಸಬೇಕು. ಯಾರಿಗೂ ಕಾಲು ಮುಟ್ಟಗೊಡವಲ್ದು. ಬೂಟು ನೀವ ಹಾಕ್ರಿ.”

ಅವರು ಕೂತರು. ನಾಯಿ ತಾನಾಗಿ ಕಾಲು ಕೊಟ್ಟಿತು. ಕೆಂಪು ಬೂಟು ಯಾವ ಕಾಲಿಗೆ ಎಂದು ಅವರು ಯೋಚಿಸಲಿಲ್ಲ. ಹಿಂದಿನ ಎಡಗಾಲಿಗೆ ಹಾಕಿದರು.

“ಇರ್ಲಿ ಬಿಡ್ರಿ, ಸಂಜಿಗೆ ಹೋಗೂಣು. ತಗದು ಇಡ್ರಿ.”

ದೇವೇಂದ್ರಪ್ಪ ಬೂಟು ಬಿಚ್ಚಿದರು. ನಾಲ್ಕನ್ನೂ ಕೈಯಲ್ಲಿ ಹಿಡಿದು ಎದ್ದರು. ಹೊಸ್ತಿಲು ದಾಟಿದರು. ತಮ್ಮ ಚಪ್ಪಲಿಯ ಪಕ್ಕ ಮೆಟ್ಟಿಲ ಮೇಲೆ ಒಂದರ ಪಕ್ಕ ಒಂದು ಇಟ್ಟರು. ನಿನ್ನೆ ಹೇಗಿದ್ದವೋ ಹಾಗೆ.

ಮುತ್ತಣ್ಣನ ಬಾಯಿ ತೆರೆದುಕೊಂಡಿತು.

“ಅಲ್ಲೇ ಯಾಕ ಇಟ್ಟಿರಿ?” ಶೈಲಾ ಕೇಳಿದಳು.

“ಮತ್ತ ಬೂಟು ಹೊರಗಲ್ಲೇನ್ರಿ ಇಡೋದು?”

ಶೈಲಾ ಬಾಗಿಲು ಸರಿಸಿ ಮೊಳೆ ತೋರಿಸಿದಳು.

“ಇದು ಸಿಸ್ಟರ್‌ಗೆ ಗೊತ್ತಿತ್ತು. ಮೊಳಿ ಹೊಡದ ಇನಾಯತಗ ಗೊತ್ತಿತ್ತು. ಇಬ್ಬರಾಗ ಯಾರು ನಾಯಿ ತಂದು ಬಿಟ್ಟಿದ್ದರೂ ಬೂಟು ಇಲ್ಲಿರತಿದ್ದವು. ಕಳ್ಳ ಆಗಿದ್ದರ ಬೂಟು ಬಿಚ್ಚೋ ಉಸಾಬರೀಗೇ ಹೋಗತಿದ್ದಿಲ್ಲ, ಹೋದರೂ ನಾಯಿ ಕಚ್ಚತಿತ್ತು. ನಾಯಿ ಕಾಲು ಕೊಡಬೇಕು, ಆದರ ಈ ಮನಿ ಒಳಗ ಏನೆಲ್ಲೈತಿ ಅನ್ನೋದು ಗೊತ್ತಿರಬಾರದು. ಅಂಥಾವ್ರು ಊರಾಗ ಒಬ್ಬರ ಅದಾರ. ಒಂದ ದಿನಾನೂ ಹೊಸ್ತಿಲಾ ದಾಟದಾವ್ರು.”

ದೇವೇಂದ್ರಪ್ಪ ಅಲ್ಲೇ ಮೆಟ್ಟಿಲ ಮೇಲೆ ಕೂತರು. ನಿನ್ನೆ ಒಂದು ಜೀವವನ್ನು ತೆಗ್ಗಿನಲ್ಲಿ ಬಿಟ್ಟು ಬಂದ ಮನುಷ್ಯ, ಮೆಟ್ಟಿಕೊಂಡು ಒಳಗೆ ಹೋಗಬಾರದೆಂದು ನಾಯಿಯ ಬೂಟನ್ನೂ ಬಿಚ್ಚಿ ಹೊರಗಿಟ್ಟಿದ್ದ. ಹೊಸ್ತಿಲಿನ ಮರ್ಯಾದೆ ಅಷ್ಟು ಆಳಕ್ಕೆ ಹೋಗಿತ್ತು. ಮನುಷ್ಯ ಜೀವದ ಮರ್ಯಾದೆ ಅಷ್ಟು ಆಳಕ್ಕೆ ಇಳಿದಿರಲಿಲ್ಲ.

“ಪಟ್ಟಿ ಎಲ್ಲೈತಿ ಮಾಸ್ತರ?”

“ನಮ್ಮ ಮನ್ಯಾಗ. ತಲದಿಂಬಿನ ಬುಡಕ.”

ಮುತ್ತಣ್ಣ ಹೋಗಿ ತಂದ. ನೀಲಿ ಪಟ್ಟಿ, ಹಿಡಿಕೆ ಕಿತ್ತದ್ದು. ಶೈಲಾ ತುಂಡನ್ನು ಹಚ್ಚಿ ನೋಡಿದಳು. ಹೊಲಿಗೆ ಹೊಲಿಗೆಗೆ ಕೂತಿತು.

“ಯಾಕ ಇಟಗೊಂಡ್ರಿ ಇದನ್ನ? ಎಲ್ಲೆರ ದೂರ ಒಗೀಬಾರದ?”

“ಒಗೀಲಿಕ್ಕೆ ಹ್ವಾದೆ. ಆಗಲಿಲ್ಲ.” ಪಟ್ಟಿಯ ಕಿತ್ತ ತುದಿ ನೋಡುತ್ತ ಹೇಳಿದರು. “ಲಕ್ಷ್ಮೇಶ್ವರಕ್ಕ ಹೊಂಟೀನಿ ಮಾಸ್ತರ ಅಂದರ್ರಿ. ತಂಗಿ ಮಗಳು ಅಂಕಿತಾ ಕರ್ಯಾಕತ್ತಾಳ, ಇನ್ನ ಅಲ್ಲೇ ಇರತೀನಿ ಅಂದರು. ಸಂತಿ ಸುದ್ದಿ ಹೇಳಿದಂಗ ಹೇಳಿದರು. ನನಗ ದಿನದಾಗ ಆ ಒಂದು ತಾಸ ಇತ್ತು ಮಾತಾಡಾಕ. ಉಳದ ಹೊತ್ತೆಲ್ಲಾ ಗೋಡಿ. ಶಾಣ್ಯಾನ್ನಾರ ಬಿಟ್ಟ ಹೋಗ್ರಿ ಅಂದೆ. ನಕ್ಕರು. ಪಟ್ಟಿ ಹಿಡಿದು ಜಗ್ಗಿದೆ. ಅವರೂ ಜಗ್ಗಿದರು. ಹಿಡಿಕಿ ಕಿತ್ತು ಹಿಂದಕ್ಕ ಹ್ವಾದರು. ದೂಕಿಲ್ರಿ, ಖರೇ ಹೇಳತೀನಿ, ದೂಕಿಲ್ಲ.”

“ಬಿದ್ದ ಮ್ಯಾಲೆ?”

“ಮಾಸ್ತರ, ಮಾಸ್ತರ ಅಂದರು.”

“ಮಂದೀನ ಕರೀಬೇಕಿತ್ತು.”

“ಕರಿಯಾಕಂತ ಬಂದೆ. ದಾರ್ಯಾಗ ವಿಚಾರ ಬಂತು. ಗಂಡಿಲ್ಲದಾಕಿ, ಹೆಂಡ್ತಿಲ್ಲದಾಂವ, ಆ ಕಂಟ್ಯಾಗ ಯಾಕ ಜಗ್ಗ್ಯಾಡತಿದ್ದರು ಅಂತ ಕೇಳಿದರ ಏನ ಹೇಳಲಿ? ಒಂದೀಟು ಸುಧಾರಿಸಿಕೊಂಡು ಹೋಗೂಣು ಅಂದೆ. ಒಂದೀಟು ಅಂತ ಅಂತ... ಹೊತ್ತೇರಿಬಿಟ್ಟಿತು.”

“ನಾಯಿಗೆ ನೀರಿಟ್ಟಿರಿ.”

“ನೆಲ ಕಾದಿತ್ತರಿ. ನೀರಡಿಸಿತ್ತದು.”

“ಅವರಿಗೆ?”

ನಾಯಿ ಬಂದು ದೇವೇಂದ್ರಪ್ಪನವರ ಮೊಣಕಾಲ ಮೇಲೆ ಮೂತಿ ಇಟ್ಟಿತು. ಅದಕ್ಕೇನು ಗೊತ್ತು. ಅವರು ಅದರ ತಲೆ ಮುಟ್ಟಲು ಕೈಯೆತ್ತಿ, ಮುಟ್ಟದೆ ಇಳಿಸಿದರು.

“ಇನಾಯತನ ಹೆಸರು ಯಾಕ ಹೇಳಿದ್ರಿ?”

“ಯಾರ್ನ ಭೆಟ್ಟಿ ಆಗೋದಿತ್ತು ಅನ್ನೋದು ಗೊತ್ತಿತ್ತು. ಬಾಯಿಗೆ ಬಂತು.”

ಶೈಲಾಳಿಗೆ ಸಿಟ್ಟು ಬಂತು. ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತು. ಉಳಿದ ಹೊತ್ತೆಲ್ಲ ಗೋಡೆ ಎಂದರಲ್ಲ, ಆ ಗೋಡೆ ಅವಳಿಗೂ ಪರಿಚಯವಿತ್ತು. ಒಂಟಿತನ ಪಾಪವಲ್ಲ. ಆದರೆ ಕೂಗುವ ದನಿಗೆ ಬೆನ್ನು ತಿರುಗಿಸಿ ಬಂದು, ಆಮೇಲೆ ಒಂಟಿಯಾದೆ ಎಂದರೆ ಕೇಳುವವರು ಯಾರು?

“ಏಳ್ರಿ,” ಎಂದಳು. “ಚಪ್ಪಲಿ ಮೆಟಗೋರಿ.”

*

ಇನಾಯತನನ್ನು ಬಿಟ್ಟಾಗ ಅವನು ಬಾಗಿಲಲ್ಲೇ ನಿಂತ.

“ಜೀಪಿನ್ಯಾಗ ಒಯ್ದದ್ದು ಓಣಿ ಮಂದೆಲ್ಲಾ ನೋಡ್ಯಾರ್ರಿ ಮೇಡಂ. ಬಿಟ್ಟದ್ದು ಯಾರೂ ನೋಡಂಗಿಲ್ಲ.”

ಮಾತು ನಿಜ. ಶೈಲಾ ಅದೇ ಜೀಪಿನಲ್ಲಿ, ಹಾಡಹಗಲೇ, ಅವನನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಬೆಟಗೇರಿಗೆ ಹೋದಳು. ಅಂಗಡಿಯ ಮುಂದೆ ಇಳಿದು ಎಲ್ಲರಿಗೂ ಕೇಳುವಂತೆ ಹೇಳಿದಳು. “ಇನಾಯತಂದು ಏನೂ ತಪ್ಪಿಲ್ಲ. ತಪ್ಪು ನಮ್ಮದು. ಕೇಸಿನ ಗಂಟು ಬಿಚ್ಚಿದ್ದು ಇವರ ಮಾತು.” ಮುತ್ತಣ್ಣ ಹಿಂದೆ ಕೂತು ನೆಲ ನೋಡುತ್ತಿದ್ದ. ಫಕೀರಬಿ ಖಾಲಿ ಡಬ್ಬಿ ಎದೆಗೊತ್ತಿಕೊಂಡು ಆಗ ಅತ್ತಳು.

ಮಣ್ಣು ಕೊಡಲು ಲಕ್ಷ್ಮೇಶ್ವರದಿಂದ ಅಂಕಿತಾ ಬಂದಿದ್ದಳು. ದೊಡ್ಡವ್ವನಿಗೆಂದು ಒಂದು ಖೋಲಿಗೆ ಸುಣ್ಣ ಹಚ್ಚಿಸಿಟ್ಟಿದ್ದಳಂತೆ. ಮನೆಯಲ್ಲಿ ಎಳೆ ಕೂಸು, ನಾಯಿ ಹೇಗೆ ಎಂದಳು. ದೊಡ್ಡವ್ವನ ಜೊತೆ ನಾಯಿ ಬೇರೆ, ಬರೀ ನಾಯಿ ಬೇರೆ. ಇನಾಯತನೂ ತಲೆ ಕೆರೆದುಕೊಂಡ. “ನಮ್ಮ ಮನಿ ಒಳಗ ನಡಿಯಂಗಿಲ್ರಿ, ನಮಾಜ್ ಮಾಡೋ ಜಾಗಾ.” ಹೀಗಾಗಿ ಶಾಣ್ಯಾ ಪೊಲೀಸ್ ಕ್ವಾರ್ಟರ್ಸಿಗೆ ಬಂತು. ಬಂದು ಬಾಗಿಲಿಗೆ ಮುಖ ಮಾಡಿ ಮಲಗಿತು. ಕಾಯುವುದು ಬಿಡಲಿಲ್ಲ. ಶೈಲಾ ಒತ್ತಾಯ ಮಾಡಲಿಲ್ಲ.

ಮುಂದಿನ ವಾರ ಬೆಳಿಗ್ಗೆ ಯಾರೋ ಕೆಮ್ಮಿದ ಸದ್ದು. ಇನಾಯತ ಹೊಸ್ತಿಲ ಹೊರಗೆ ನಿಂತಿದ್ದ. ಕೈಯಲ್ಲಿ ಹೊಸದೊಂದು ಹಸಿರು ಅಂಗಿ. ಮೊದಲನೆಯದು ಕೋರ್ಟಿನ ಪಾಲಾಗಿತ್ತು. ನಾಲ್ಕು ಹೊಸ ಬೂಟು, ಮೂರು ಕರಿ, ಒಂದು ಕೆಂಪು.

“ನಾಲ್ಕೂ ಕರಿ ಮಾಡಬಹುದಿತ್ತಲ್ಲ?”

“ಅದಕ್ಕ ರೂಢಿ ಆಗೇತಲ್ರಿ.” ಅವನು ಬಾಗಿಲ ಚೌಕಟ್ಟು ನೋಡಿದ. ಜೇಬಿನಿಂದ ಸುತ್ತಿಗೆ ತೆಗೆದ. “ಮೊಳಿ ತಂದೀನಿ. ಆದರ ಬಾಗಲ ಹಿಂದ ಹೊಡಿಬೇಕ್ರಿ. ಹೊರಗಿಂದ ಆಗಂಗಿಲ್ಲ.”

ಕಳಕವ್ವ ಆಗಷ್ಟೇ ರೊಟ್ಟಿಯ ಬುಟ್ಟಿ ಹೊತ್ತು ಬಂದಿದ್ದಳು. ಆಚೀಚೆ ಕ್ವಾರ್ಟರ್ಸಿನ ಬಾಗಿಲುಗಳು ತೆರೆದಿದ್ದವು. ಕಿಟಕಿಯಲ್ಲಿ ಯಾರೋ ಇಣುಕುತ್ತಿದ್ದರು. ಇಣುಕಲಿ.

“ಹೊರಗ್ಯಾಕ ನಿಂತೀರಿ?” ಎಂದಳು ಶೈಲಾ. “ಇಬ್ಬರೂ ಒಳಗ ಬರ್ರಿ.”

ಇಬ್ಬರೂ ಚಪ್ಪಲಿ ಬಿಟ್ಟರು. ಶಾಣ್ಯಾ ಎದ್ದು ದಾರಿ ಬಿಟ್ಟಿತು.